ದೊಡ್ಡ ಕೇರಂ, ಬಾಯಿಗೆ ಬಂದ ಜೀವ

ಪೂಲ್ ಟೇಬಲ್ ಇಟ್ಟುಕೊಂಡವನು ಎದೆ ಧಸಕ್ಕೆನ್ನುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವೇ ಮೆಟ್ಟಿಲು ಹತ್ತಿಕೊಂಡು ಬರುತ್ತವೆ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ, ಒಂದು ಗೊಬ್ಬರದಂಗಡಿಯ ಮಹಡಿ ಮೇಲೆ ಟೇಬಲ್ ಹಾಕಿದೆ. ನಮ್ಮಪ್ಪನದು ಬಟ್ಟೆ ಅಂಗಡಿ. "ಗಜದ ಕೋಲು ಹಿಡಿಯೋ ಮನೆತನದಾಗೆ ಹುಟ್ಟಿ ಇದ್ಯಾವ ಕೋಲು ಹಿಡಿದ್ಯೋ" ಅಂತ ಹಣೆ ಚಚ್ಚಿಕೊಂಡರು. ಊರಲ್ಲಿ ಆ ಆಟವನ್ನು ಕಂಡವರೇ ಇರಲಿಲ್ಲ. ಕೋಲಿನ ತುದಿಯಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಅಂಚಿನ ಆರು ಪಾಕೆಟ್‌ಗಳಿಗೆ ಬೀಳಿಸಬೇಕು, ಎಲ್ಲಾ ಮುಗಿದ ಮೇಲೆ ಕಪ್ಪು ಚೆಂಡು ಬೀಳಿಸಿದವನು ಗೆದ್ದ ಹಾಗೆ ಅಂತ ನಾನು ವಿವರಿಸುತ್ತಿದ್ದರೆ ಜನ ಅರ್ಧಕ್ಕೇ ತಡೆದು, "ಓಹೋ, ದೊಡ್ಡ ಕೇರಂ ಅನ್ರಿ ಮತ್ತೆ" ಅನ್ನುತ್ತಿದ್ದರು. ಕೊನೆಗೆ ನಾನೂ ಬೋರ್ಡಿನ ಮೇಲೆ ಹಾಗೇ ಬರೆಸಿಬಿಟ್ಟೆ.

ಕಲ್ಲು ಹತ್ತಿದ್ದು

ಟೇಬಲ್ ಲಾರಿಯಲ್ಲಿ ಬಿಡಿಬಿಡಿಯಾಗಿ ಬಂತು. ಮರದ ಕಾಲುಗಳೆಲ್ಲ ಸಲೀಸಾಗಿ ಮಹಡಿ ಸೇರಿದವು. ತೊಂದರೆಯಾದದ್ದು ಹಸಿರು ಬಟ್ಟೆಯ ಅಡಿಗೆ ಹಾಸುವ ಕರಿಕಲ್ಲಿನಿಂದ. ನಾಲ್ಕು ಜನ ಹಮಾಲರು ಅದನ್ನು ಹೊತ್ತು ಮೆಟ್ಟಿಲು ಹತ್ತಿದರು. ಮೆಟ್ಟಿಲು ತಿರುಗುವ ಕಡೆ ಕಲ್ಲು ಗೋಡೆಗೂ ಕಟಾಂಜನಕ್ಕೂ ನಡುವೆ ಸಿಕ್ಕಿಬಿತ್ತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಕೆಳಗಡೆ ಹಿಡಿದಿದ್ದವರ ತೋಳು ನಡುಗತೊಡಗಿತು. ಕೈ ಜಾರಿದರೆ ಕಲ್ಲಂತೂ ಹೋಯಿತು, ಅವರ ಕಾಲಿನ ಗತಿ?

ಅದೇ ಹೊತ್ತಿಗೆ ಮೇಲಿನ ಮನೆಯಿಂದ ಬಿಲ್ಡಿಂಗ್ ಮಾಲೀಕರು ಬಸ್ಸಿಗೆ ಹೊರಟವರು ಬಂದರು. ದಾರಿ ಮುಚ್ಚಿದ ಕರಿಕಲ್ಲನ್ನು ನೋಡಿ ಅವರ ಮುಖ ಕಪ್ಪಿಟ್ಟಿತು. ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಮೆಲ್ಲಗೆ ಕೇಳಿದರು:

"ಯಾರು ಹೋದ್ರಪ್ಪಾ?"

ಒಬ್ಬ ಹಮಾಲನಿಗೆ ನಗು ಬಂತು. ಅವನು ನಕ್ಕಿದ್ದಕ್ಕೆ ಪಕ್ಕದವನೂ ನಕ್ಕ. ನಾಲ್ವರೂ ನಗತೊಡಗಿದಾಗ ಕಲ್ಲು ಗಡಗಡ ಅಲುಗಾಡಿತು. "ನಗಬೇಡ್ರೋ! ದಮ್ಮಯ್ಯ, ನಗಬೇಡ್ರಿ!" ಅಂತ ನಾನು ಅಳುವುದೊಂದು ಬಾಕಿ. ಅವರು ಹಲ್ಲು ಕಚ್ಚಿ ನಗು ನುಂಗಿ, ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಕೂದಲೆಳೆಯಷ್ಟು ಸಂದಿನಲ್ಲಿ ತಿರುಗಿಸಿ ಮೇಲಕ್ಕೆ ತಂದರು. ಅವರಲ್ಲಿ ಹಿರಿಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದ.

"ಸಾವ್ಕಾರ್ರೆ, ಇದು ಇಟ್ಕೊಂಡು ಆಡೋ ಆಟನೋ, ಹೊತ್ಕೊಂಡು ಆಡೋ ಆಟನೋ?"

"ಇಟ್ಕೊಂಡು ಆಡೋದು ಕಣಪ್ಪಾ."

"ತಪ್ಪಿತಲ್ರೀ. ಹೊತ್ಕೊಂಡು ಆಡೋದಾಗಿದ್ರೆ ಈಗಾಗ್ಲೇ ನಾವು ಗೆದ್ದಿದ್ವಿ."

ಟೇಬಲ್ ಕೆಳಗಿನ ಮೇಷ್ಟ್ರು

ತಿಂಗಳು ಕಳೆಯುವುದರೊಳಗೆ ಊರಲ್ಲಿ ಗುಸುಗುಸು ಎದ್ದಿತು: ಮಹಡಿ ಮೇಲೆ ಜೂಜು ನಡೀತದೆ. ನಡೆಯುತ್ತಿದ್ದದ್ದು ಸೋತವರು ಗೆದ್ದವರಿಗೆ ಮಂಡಕ್ಕಿ ಮಿರ್ಚಿ ತಿನ್ನಿಸುವುದಷ್ಟೇ. ಆದರೂ ಬೂಟಿನ ಸದ್ದು ಕೇಳಿದರೆ ಸಾಕು, ನಾನು ಎದ್ದು ಮೆಟ್ಟಿಲ ಕಡೆ ಇಣುಕುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ನಮ್ಮ ಖಾಯಂ ಗಿರಾಕಿ, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಆಡುತ್ತಿದ್ದರು. ಮೆಟ್ಟಿಲಿನ ಮೇಲೆ ಬೂಟು ಕೇಳಿಸಿತು. ತಿರುಗಿ ನೋಡಿದರೆ ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್, ಯೂನಿಫಾರ್ಮಿನಲ್ಲೇ. ಮತ್ತೆ ಈ ಕಡೆ ತಿರುಗಿದರೆ ಮೇಷ್ಟ್ರು ಮಾಯ. ಅವರ ಕೋಲು ಮಾತ್ರ ಗೋಡೆಗೆ ಒರಗಿ ಇನ್ನೂ ಅಲುಗುತ್ತಿತ್ತು.

ಇನ್ಸ್‌ಪೆಕ್ಟರ್ ಟೇಬಲ್ಲಿನ ಸುತ್ತ ಒಂದು ಸುತ್ತು ಬಂದರು. ಲೈಟು ನೋಡಿದರು. ಬಟ್ಟೆ ಸವರಿದರು. ನನ್ನ ಬನಿಯನ್ ಬೆವರಿನಿಂದ ಬೆನ್ನಿಗೆ ಅಂಟಿತು.

"ಇದು ಹೆಂಗೆ ಆಡೋದು? ತೋರ್ಸು."

ಒಂದು ಹೊಡೆತ ತೋರಿಸಿದೆ. ಅವರು ಕೋಲು ಇಸಿದುಕೊಂಡು, ಲಾಠಿ ಬೀಸುವ ಹಾಗೆ ಬೀಸಿದರು. ಬಿಳಿ ಚೆಂಡು ಎಗರಿ ನೆಲಕ್ಕೆ ಬಿತ್ತು, ಡಬಡಬ ಉರುಳುತ್ತಾ ನೇರ ಟೇಬಲ್ಲಿನ ಅಡಿಗೆ ಹೋಯಿತು. ಇನ್ಸ್‌ಪೆಕ್ಟರ್ ಬಗ್ಗಿದರು. ಬಗ್ಗಿದವರು ತುಂಬಾ ಹೊತ್ತು ಹಾಗೇ ಇದ್ದರು.

"ಯಾರ್ರೀ ನೀವು?"

ಅಡಿಯಿಂದ ಸಣ್ಣ ದನಿ ಬಂತು: "ಪಿ.ಟಿ. ಮೇಷ್ಟ್ರು ಸಾರ್."

"ಅಲ್ಲೇನ್ ಮಾಡ್ತಿದೀರಿ?"

"ಟೇಬಲ್ ಕಾಲು ಗಟ್ಟಿ ಅದಾವೋ ಇಲ್ಲೋ ನೋಡ್ತಿದೀನಿ ಸಾರ್."

ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದರು, ಮತ್ತೆ ಅಡಿಗೆ ನೋಡಿದರು. ಆಮೇಲೆ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು, ತೋಳು ಮಡಚಿಕೊಂಡರು.

"ಒಳ್ಳೇದಾಯ್ತು, ಅಲ್ಲೇ ಇರ್ರಿ. ನನಗೆ ಇನ್ನೂ ಕೈ ಕುದುರಿಲ್ಲ. ಬಿದ್ದಿದ್ದೆಲ್ಲಾ ಎತ್ತಿ ಕೊಡ್ತಾ ಇರ್ರಿ."

ವಾಪಸ್ ಬಂದ ಚೆಂಡು

ಇದೂ ಮೇಷ್ಟ್ರದ್ದೇ. ಅವತ್ತು ಅವರಿಗೂ ಬ್ಯಾಂಕಿನ ಗುಮಾಸ್ತರೊಬ್ಬರಿಗೂ ಜಿದ್ದಾಜಿದ್ದಿ. ಗುಮಾಸ್ತರು ಒಂದು ವಾರದಿಂದ ಮೇಷ್ಟ್ರನ್ನು ಸೋಲಿಸಿ ಸೋಲಿಸಿ, ಬ್ಯಾಂಕಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರಂತೆ. ಆ ದಿನ ಮೊದಲಿನಿಂದಲೂ ಒಂದು ಚೆಂಡೂ ಬೀಳಲಿಲ್ಲ. ಇಬ್ಬರ ಹೊಡೆತವೂ ಪಾಕೆಟ್‌ತನಕ ಹೋಗಿ ಹೋಗಿ ಹೊರಕ್ಕೇ ಬರುತ್ತಿತ್ತು. ಕೈ ಕೆಟ್ಟಿದೆ ಅಂತ ಇಬ್ಬರೂ ಒಳಗೊಳಗೇ ಕುದಿಯುತ್ತಿದ್ದರು. ಕೊನೆಗೆ ಮೇಷ್ಟ್ರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಒಂದು ಹೊಡೆದರು ನೋಡಿ, ಚೆಂಡು ಗೆರೆ ಎಳೆದಂತೆ ಹೋಗಿ ಮೂಲೆಯ ಪಾಕೆಟ್ಟಿನೊಳಗೆ ಇಳಿಯಿತು.

"ಬಿತ್ತು!" ಅಂತ ಮೇಷ್ಟ್ರು ಕುಣಿದರು.

ಕುಣಿದು ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಚೆಂಡು ಮೆತ್ತಗೆ ವಾಪಸ್ ಬಂತು.

"ಇದೇನೋ ಮಾಟ!" ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. ಪಾಕೆಟ್ಟಿಗೆ ಕೈ ಹಾಕಲು ಯಾರಿಗೂ ಧೈರ್ಯವಿಲ್ಲ. ಟೇಬಲ್ ನನ್ನದಲ್ಲವೆ, ಎಲ್ಲರೂ ನನ್ನನ್ನೇ ಮುಂದಕ್ಕೆ ನೂಕಿದರು. ಕೈ ಹಾಕಿದರೆ ಬೆರಳಿಗೆ ಏನೋ ಮೆತ್ತಗೆ ಹತ್ತಿತು. ಎದೆ ಗಟ್ಟಿ ಮಾಡಿಕೊಂಡು ಎಳೆದೆ. ಹಳೇ ಸೀರೆಯ ಚೂರು! ಆರು ಪಾಕೆಟ್ಟಿನಲ್ಲೂ ಹಾಗೇ, ಗಿಡಿದು ತುಂಬಿತ್ತು.

ಬಾಗಿಲಲ್ಲಿ ಬಿಲ್ಡಿಂಗ್ ಮಾಲೀಕರ ವಯಸ್ಸಾದ ತಾಯಿ ನಿಂತಿದ್ದರು.

"ಮಧ್ಯಾಹ್ನ ಬಂದು ನೋಡಿದ್ನಪ್ಪಾ. ಅಷ್ಟು ಚಂದದ ಬಟ್ಟೆ ಹಾಸೀರಿ, ಮೂಲಿಮೂಲಿಗೆ ತೂತು! ಇಲಿ ಬರ್ತಾವು ಅಂತ ನಾನೇ ಮುಚ್ಚಿದೆ. ಗಂಡಸರಿಗೆ ಇವೆಲ್ಲಾ ಎಲ್ಲಿ ಗೊತ್ತಾಗ್ಬೇಕು, ತೂತು ಬಿದ್ರೆ ಸುತ್ತ ನಿಂತ್ಕೊಂಡು ನೋಡ್ತೀರಿ ಅಷ್ಟೇ!"

ಹುಡುಗ ಹೆಂಗ್ರಿ?

ಆಗ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಶಿರಾಳಕೊಪ್ಪದ ಕಡೆಯ ಸಂಬಂಧ. ಹುಡುಗಿಯ ಫೋಟೋ ನೋಡಿ ನಾನು ಅರ್ಧ ಒಪ್ಪಿಕೊಂಡೇ ಬಿಟ್ಟಿದ್ದೆ. ನನ್ನ ಫೋಟೋ ಅವರ ಮನೆಗೆ ಹೋಗಿ ಎಷ್ಟೋ ದಿನವಾದರೂ ಉತ್ತರ ಬರಲಿಲ್ಲ. "ಕೋಲು ಹಿಡಿದೋನಿಗೆ ಯಾರು ಹೆಣ್ಣು ಕೊಡ್ತಾರೆ" ಅಂತ ಅಪ್ಪ ದಿನಾ ಊಟಕ್ಕೆ ಕೂತಾಗ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನೊಬ್ಬನೇ ಇದ್ದೆ. ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಛತ್ರಿ ಇಟ್ಟ ಹಿರಿಯರೊಬ್ಬರು ಬಂದರು.

"ಇದರ ಮಾಲೀಕರು ಯಾರ್ರಿ?"

ಹಾಗೆ ಕೇಳಿದವರೆಲ್ಲ ಯಾವುದೋ ಆಫೀಸಿನವರೇ ಆಗಿರುತ್ತಿದ್ದರಿಂದ ನನ್ನ ಬಾಯಿ ತಾನಾಗಿ ಹೇಳಿತು: "ಹೊರಗೆ ಹೋಗ್ಯಾರ್ರಿ."

"ಚಲೋ ಆತು. ಅವ್ರ ಬಗ್ಗೇನೇ ವಿಚಾರಿಸಬೇಕಿತ್ತು. ನಮ್ಮ ಮಗಳನ್ನ ಕೊಡೋ ಮಾತೈತಿ."

ಈಗ ನಾನೇ ಅಂದರೆ ಮೊದಲ ಮಾತೇ ಸುಳ್ಳಾಗುತ್ತದೆ. ಅನ್ನದಿದ್ದರೆ ಮುಂದೆ ಪೂರ್ತಿ ಸುಳ್ಳು. ಎರಡನೆಯದನ್ನೇ ಆರಿಸಿಕೊಂಡೆ.

"ಹುಡುಗ ಹೆಂಗ್ರಿ?"

"ಬಂಗಾರ ರೀ."

"ಕುಡಿತಾನಾ?"

"ಚಾ ಬಿಟ್ರೆ ನೀರು."

"ಸಿಟ್ಟು?"

"ಅದು ಯಾವ ಅಂಗಡಿಯಾಗೆ ಸಿಗ್ತದೆ ಅಂತ ಕೇಳ್ತಾನೆ."

"ಈ ಆಟದಾಗೆ?"

"ಎರಡು ತಾಲ್ಲೂಕಿನಾಗೆ ಅವನನ್ನ ಸೋಲಿಸೋರು ಹುಟ್ಟಿಲ್ರಿ."

"ಹಂಗಾರೆ ಅವ್ರು ಬರೋತನಕ ನಾವಿಬ್ರೂ ಒಂದಾಟ ಹಾಕೋಣು."

ಆಟ ಶುರುವಾಯಿತು. ನನ್ನ ಕಿವಿಯೆಲ್ಲಾ ಮೆಟ್ಟಿಲಿನ ಕಡೆಗೆ. ಪರಿಚಯದವರು ಯಾರಾದರೂ ಬಂದು ಹೆಸರು ಹಿಡಿದು ಕೂಗಿದರೆ ಮುಗಿಯಿತು. ಒಂದು ಚೆಂಡೂ ನನ್ನ ಮಾತು ಕೇಳಲಿಲ್ಲ. ಯಾವ ಕಾಲದಲ್ಲಿ, ಯಾವ ಕ್ಲಬ್ಬಿನಲ್ಲಿ ಕಲಿತಿದ್ದರೋ, ಹಿರಿಯರು ಒಂದೊಂದೇ ಬೀಳಿಸುತ್ತಾ ಹೋದರು. ಅವರು ಕಪ್ಪು ಚೆಂಡು ಬೀಳಿಸುವುದಕ್ಕೂ ಪಿ.ಟಿ. ಮೇಷ್ಟ್ರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ನಾನು ಮೇಷ್ಟ್ರಿಗೆ ಕಣ್ಣು ಮಿಟುಕಿಸಿದೆ. ಇನ್ನೊಮ್ಮೆ ಮಿಟುಕಿಸಿದೆ.

"ಕಣ್ಣಿಗೆ ಏನ್ ಬಿತ್ರೀ ಮಾಲೀಕರೇ?" ಅಂತ ಮೇಷ್ಟ್ರು ಪರೇಡಿನ ದನಿಯಲ್ಲಿ ಕೇಳಿದರು.

ನಾನು ನೆಲ ನೋಡಿದೆ. ಹಿರಿಯರು ನಿಧಾನವಾಗಿ ಕೋಲನ್ನು ಗೋಡೆಗೆ ಒರಗಿಸಿದರು.

"ಗಾಬರಿ ಆಗಬ್ಯಾಡ್ರಿ. ನಿಮ್ಮ ಫೋಟೋ ನೋಡೇ ಬಂದೀನಿ. ಹುಡುಗ ತನ್ನ ಬಗ್ಗೆ ತಾನು ಏನೇನು ಹೇಳ್ತಾನೋ ಕೇಳೋಣು ಅಂತ ಸುಮ್ನಿದ್ದೆ."

"ಹಂಗಾರೆ... ಸಂಬಂಧ?" ಅಂತ ಹೇಗೋ ಕೇಳಿದೆ.

"ಮುಂದಿನ ಸೋಮವಾರ ಮನೆಗೆ ಬರ್ರಿ. ಕುಡಿಯೋದು, ಸಿಟ್ಟು, ಅವೆಲ್ಲಾ ನನ್ನ ಮಗಳು ನೋಡ್ಕೊಂತಾಳ." ಛತ್ರಿ ಕಂಕುಳಿಗೆ ಸೇರಿಸಿಕೊಂಡು ಬಾಗಿಲತನಕ ಹೋಗಿ ತಿರುಗಿದರು. "ಸೋಲಿಸೋರು ಹುಟ್ಟಿಲ್ಲ ಅಂದ್ರಲ್ಲ, ಅದನ್ನ ಮಾತ್ರ ಆಕಿ ಮುಂದೆ ಹೇಳಬ್ಯಾಡ್ರಿ. ತನ್ನಪ್ಪ ಇನ್ನೂ ಹುಟ್ಟಿಲ್ಲೇನೋ ಅನ್ಕೊಂಡಾಳು."

ಕತ್ತಲಲ್ಲಿ ಚಪ್ಪಾಳೆ

ನಮ್ಮಕ್ಕನನ್ನು ಸೊರಬಕ್ಕೆ ಕೊಟ್ಟಿದೆ. ನನ್ನ ಅಂಗಡಿ ನೋಡಿ ಭಾವನಿಗೂ ಆಸೆಯಾಗಿ, ತಮ್ಮ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಒಂದು ಟೇಬಲ್ ಹಾಕಿದರು. ಅಲ್ಲಿಂದ ಶುರುವಾಯಿತು ಎರಡು ಊರಿನ ಜಿದ್ದು. ಕೊನೆಗೆ ಪಂದ್ಯ ಗೊತ್ತಾಯಿತು. ಜಾಗ ಸೊರಬ. ನಮ್ಮ ಕಡೆ ಪಿ.ಟಿ. ಮೇಷ್ಟ್ರು, ಅವರ ಕಡೆ ಒಬ್ಬ ಟೈಲರ್. ಸೋತ ಅಂಗಡಿಯವನು ಗೆದ್ದ ಅಂಗಡಿಯವನಿಗೆ ಎಲ್ಲರೆದುರು ಹಾರ ಹಾಕಬೇಕು. ಅಂಪೈರ್ ಶಿರಾಳಕೊಪ್ಪದ ಒಬ್ಬ ಹಿರಿಯರು, ಛತ್ರಿಯವರಲ್ಲ, ಬೇರೆಯವರು. ವಾಲಿಬಾಲ್ ಪಂದ್ಯಗಳಲ್ಲಿ ಸೀಟಿ ಊದಿ ಹೆಸರು ಮಾಡಿದವರು. ಎರಡೂ ಊರಿನ ನಡುವಿನವರಾದ್ದರಿಂದ ಯಾರ ಕಡೆಗೂ ವಾಲುವುದಿಲ್ಲ ಅಂತ ಎರಡೂ ಕಡೆಯವರು ಒಪ್ಪಿದ್ದರು.

ಟೇಬಲ್ ಮಾತ್ರ ವಾಲುತ್ತಿತ್ತು. ಗೋದಾಮಿನ ನೆಲವೇ ಓರೆ. ಒಂದು ಮೂಲೆಯ ಹತ್ತಿರ ಬಿಟ್ಟ ಚೆಂಡು ತಾನಾಗಿಯೇ ಆ ಪಾಕೆಟ್ಟಿನ ಕಡೆಗೆ ಜರುಗುತ್ತಿತ್ತು. ಸಂಜೆಯ ಹೊತ್ತಿಗೆ ಇಬ್ಬರೂ ಸಮಸಮ. ಕೊನೆಯ ಆಟದಲ್ಲಿ ಬರೀ ಕಪ್ಪು ಚೆಂಡು ಉಳಿಯಿತು. ಅದೂ ಆ ಓರೆ ಮೂಲೆಯ ಪಾಕೆಟ್ಟಿನ ಬಾಯಲ್ಲೇ ಕೂತಿದೆ. ಸರದಿ ನಮ್ಮ ಮೇಷ್ಟ್ರದ್ದು. ಸಣ್ಣ ಮಕ್ಕಳೂ ಬೀಳಿಸುವಂಥದ್ದು. ಸೊರಬದವರ ಮುಖ ಬಾಡಿತು. ಮೇಷ್ಟ್ರು ಬಗ್ಗಿದರು. ಕೋಲು ಹಿಂದಕ್ಕೆಳೆದರು.

ಕರೆಂಟು ಹೋಯಿತು.

ಕಿಟಕಿಯಿಲ್ಲದ ಗೋದಾಮು, ಕಣ್ಣಿಗೆ ಕೈ ಕಾಣದ ಕತ್ತಲೆ. "ಯಾರೂ ಚೆಂಡು ಮುಟ್ಟಬೇಡಿ!" ಅಂತ ನಮ್ಮವರು. "ನೀವೇ ಮುಟ್ಟಬೇಡಿ!" ಅಂತ ಅವರು. ನೂಕಾಟ ಶುರುವಾಗುವ ಲಕ್ಷಣ ಕಂಡಿತು. ಆಗ ಅಂಪೈರ್ ಸೀಟಿ ಊದಿದರು.

"ಯಾರ ಕೈ ಮೇಲೂ ಅನುಮಾನ ಬೇಡ. ಲೈಟು ಬರೋತನಕ ಎಲ್ಲರೂ ಚಪ್ಪಾಳೆ ಹೊಡೀತಾ ಇರಿ. ಚಪ್ಪಾಳೆ ಹೊಡೆಯೋ ಕೈ ಚೆಂಡು ಮುಟ್ಟೋಕಾಗಲ್ಲ!"

ಎಂಥಾ ಬುದ್ಧಿ ಅಂತ ಎಲ್ಲರಿಗೂ ಅನ್ನಿಸಿತು. ಗೋದಾಮು ತುಂಬ ಚಪ್ಪಾಳೆ. ನಾನು ಪಕ್ಕದವನ ಚಪ್ಪಾಳೆಗೆ ಕಿವಿಗೊಟ್ಟು ಹೊಡೆದೆ, ಅವನು ನನ್ನದಕ್ಕೆ ಕಿವಿಗೊಟ್ಟು ಹೊಡೆದ. ಅಂಗೈ ಉರಿಯತೊಡಗಿತು. ಹೊರಗೆ ಬೀದಿಯಲ್ಲಿ ನಿಂತಿದ್ದ ಸೊರಬದ ಜನ ಒಳಗಿನ ಸದ್ದು ಕೇಳಿ, ತಾವೇ ಗೆದ್ದೆವು ಅಂತ ಸರಪಟಾಕಿ ಹಚ್ಚಿಬಿಟ್ಟರು. ಅದು ಢಮಢಮ ಅಂತ ಮುಗಿಯುವ ಹೊತ್ತಿಗೆ ಲೈಟು ಬಂತು.

ಎಲ್ಲರೂ ಚಪ್ಪಾಳೆ ಹೊಡೆಯುತ್ತಲೇ ಇದ್ದೇವೆ. ಕಪ್ಪು ಚೆಂಡು ಮಾತ್ರ ಇಲ್ಲ.

ಅದು ಪಾಕೆಟ್ಟಿನ ಬಲೆಯಲ್ಲಿ ತಣ್ಣಗೆ ಮಲಗಿತ್ತು.

"ಶಿಕಾರಿಪುರದೋರು ಹಾಕ್ಯಾರೆ!" ಅಂತ ಟೈಲರ್ ಕೂಗಿದ.

"ಬೆಳಕಿನಾಗೇ ಬೀಳೋ ಚೆಂಡನ್ನ ಕತ್ತಲಾಗೆ ಯಾಕೆ ಹಾಕ್ತೀವೋ? ನಮ್ಮ ಹೊಡೆತ ತಪ್ಪಿಸೋಕೆ ನೀವೇ ಹಾಕಿದ್ದು!" ಅಂತ ಮೇಷ್ಟ್ರು ಕೋಲು ಎತ್ತಿದರು. ಇವರು ಅವರ ಅಂಗಿ ಹಿಡಿದರು, ಅವರು ಇವರ ಅಂಗಿ ಹಿಡಿದರು. ನಾನೂ ಭಾವನೂ ಎದುರುಬದುರು ನಿಂತೆವು. ಮದುವೆಮನೆಯಲ್ಲಿ ಕಾಲು ತೊಳೆಸಿಕೊಂಡ ಭಾವ ಈಗ ಮುಷ್ಟಿ ಬಿಗಿದಿದ್ದರು.

ಮತ್ತೆ ಸೀಟಿ ಕೇಳಿಸಿತು. ಈ ಸಲ ಸದ್ದು ತುಂಬಾ ಸಣ್ಣಗಿತ್ತು. ಅಂಪೈರ್ ತಲೆ ತಗ್ಗಿಸಿ, ಕೈ ಎತ್ತಿದ್ದರು.

"ಯಾರೂ ಹಾಕಿಲ್ಲ ಕಣ್ರಪ್ಪಾ. ಜರುಗೀತು ಅಂತ ನಾನೇ ಆ ಚೆಂಡನ್ನ ಅಂಗೈಯಾಗೆ ಒತ್ತಿ ಹಿಡ್ಕೊಂಡಿದ್ದೆ."

"ಮತ್ತೆ ಬಿಟ್ಟದ್ದು ಎಂತಕ್ಕೆ?" ಅಂದರು ಭಾವ.

"ಎಲ್ಲರೂ ಅಷ್ಟು ಚಂದ ಹೊಡೀತಿದ್ರಲ್ಲ... ಪಟಾಕಿ ಬೇರೆ ಶುರುವಾತು. ನನಗೂ ತಡಕೊಳ್ಳೋಕಾಗದೆ ಒಂದೇ ಒಂದು ಚಪ್ಪಾಳೆ ಹೊಡೆದುಬಿಟ್ಟೆ."

ಹಿಡಿದ ಅಂಗಿಗಳನ್ನು ಜನ ತಾವಾಗಿಯೇ ಬಿಟ್ಟರು. ಚೆಂಡನ್ನು ಮತ್ತೆ ಅದೇ ಜಾಗದಲ್ಲಿಟ್ಟು, ಅಂಪೈರ್ ಈ ಸಲ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಮೇಷ್ಟ್ರು ಹೊಡೆದರು. ಕಪ್ಪು ಚೆಂಡು ಟಪ್ಪಂತ ಬಿತ್ತು. ನಾವು ಕೂಗಲು ಬಾಯಿ ತೆರೆದೆವು. ಆಗ ನೋಡಿದರೆ ಬಿಳಿ ಚೆಂಡು ಇನ್ನೂ ನಿಂತಿಲ್ಲ. ಓರೆಯಲ್ಲಿ ನಿಧಾನವಾಗಿ, ತವರಿಗೆ ಹೊರಟವಳ ಹಾಗೆ ಆ ಪಾಕೆಟ್ಟಿನ ಕಡೆಗೇ ನಡೆದು, ಅಂಚಿನಲ್ಲಿ ಒಂದು ಗಳಿಗೆ ಯೋಚಿಸಿ, ಒಳಕ್ಕೆ ಇಳಿಯಿತು. ಕಪ್ಪಿನ ಹಿಂದೆ ಬಿಳಿಯೂ ಬಿದ್ದರೆ ಹೊಡೆದವನು ಸೋತ ಹಾಗೆ.

ನಾನು ಹಾರ ಹಾಕಿದೆ. ಭಾವ ಕುತ್ತಿಗೆ ಬಗ್ಗಿಸಿ ಹಾಕಿಸಿಕೊಂಡು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

"ಬೇಜಾರು ಮಾಡ್ಕೋಬೇಡ ಮಾರಾಯಾ. ಪಟಾಕಿ ಹೊಡೆದಾಗಿತ್ತಲ್ಲ, ಇನ್ನು ನಮಗೆ ಗೆಲ್ಲದೆ ಬೇರೆ ದಾರಿನೇ ಇರಲಿಲ್ಲ."