ಬ್ರೌಸರಿನೊಳಗೆ ಬಿಡಾರ ಹೂಡಿದವರು

ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಧಾರ್ ಕಾರ್ಡು, ಎರಡು ಫೋಟೋ ಹಿಡಿದುಕೊಂಡು ಅದೇ ಬಾಗಿಲಿಗೆ ಬರುತ್ತದೆ. ಶಿವಬಸವ ನಗರದಲ್ಲಿ ನನ್ನದು ಅಂಥದೊಂದು ಅಂಗಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಿರಾಣಿ ಸಾಮಾನು ಕಟ್ಟಿ ತಂದ ಕಾಗದಗಳನ್ನು ಓದಿ ಓದಿ ಇಲ್ಲಿಯವರೆಗೆ ಬಂದಿದ್ದೇನೆ. ಹಾಗಾಗಿ ಕಂಪ್ಯೂಟರಿನ ಮೇಲೆ ‘ಯಾರೂ ಮುಟ್ಟಬಾರದು’ ಎಂದು ನನ್ನ ಕೈಯಾರೆ ಬರೆದು ಅಂಟಿಸಿದ್ದೆ.

ಬಟನ್ ಇಲ್ಲದ ಅರ್ಜಿ

ದೂರದ ಪಾರಿಶ್ವಾಡದ ಶಾಲೆಯಲ್ಲಿ ಕಲಿಸುವ ಅಕ್ಕೋರು, ಮನೆಗೆ ಹತ್ತಿರದ ಕಾಕತಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಲು ಬಂದಿದ್ದರು. ಅದು ಸಿಕ್ಕರೆ ಮೂರು ವರ್ಷದ ಮಗಳು ಎಚ್ಚರಿರುವಾಗಲೇ ಮನೆ ಸೇರಬಹುದು. ಅಂದೇ ಕಡೆಯ ದಿನ, ಸಂಜೆ ಐದಕ್ಕೆ ಮುಕ್ತಾಯ. ಎಲ್ಲ ತುಂಬಿದೆವು. ಕೊನೆಯಲ್ಲಿ ಒತ್ತಲು ಬಟನ್ನೇ ಇಲ್ಲ. ಎದುರಿಗಿರುವ ಇನ್ನೊಂದು ಅರ್ಜಿ ಅಂಗಡಿಗೆ ಹೋಗಲೇ ಎಂದು ಅವರು ಮೆಲ್ಲಗೆ ಕೇಳಿದರು.

“ಕುಂದರ್ರಿ ಅಕ್ಕೋರ,” ಎಂದೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಂಪ್ಯೂಟರ್ ಕಲಿಸುವವಳು. ಫೋನ್ ಮಾಡಿದರೆ, ತಾನು ಹಾಕಿಕೊಟ್ಟ ಎಐ ಸಹಾಯಕನನ್ನು ಕೇಳು ಎಂದಳು. ಬ್ರೌಸರಿಗೆ ಯಾವ ಎಕ್ಸ್‌ಟೆನ್ಶನ್ ಯಾವಾಗ ಜೋಡಿಸಿದೆ ಎಂದು ಪಟ್ಟಿ ಕೊಡುವ ಸಲಕರಣೆ ಅದಕ್ಕೆ ಹೊಸದಾಗಿ ಬಂದಿದೆಯಂತೆ. ಎಕ್ಸ್‌ಟೆನ್ಶನ್ ಎಂದರೆ ಸೀರೆಗೆ ಗೊಂಡೆ ಕಟ್ಟಿಸಿದ ಹಾಗೆ, ಬ್ರೌಸರಿಗೆ ಮೇಲಿಂದ ಹಚ್ಚಿದ ಸಣ್ಣ ಸೌಲಭ್ಯ.

“ನನ್ನ ಕಂಪ್ಯೂಟರಿನ್ಯಾಗ ಅಂಥಾದ್ದೇನೂ ಇಲ್ಲ.”

“ನೀ ಹೇಳಬ್ಯಾಡ ಅಕ್ಕಾ, ಅದು ಹೇಳಲಿ.”

ಅದು ಹೇಳಿತು: ಮೂರು ಇವೆ.

ಮಾಸ್ತರರ ಕನ್ನಡಕ

ಮೊದಲನೆಯದು ಅಕ್ಷರ ದೊಡ್ಡದು ಮಾಡುವುದು. ದಿನಾಂಕ ನೋಡಿದರೆ, ಇದು ಅಂದು ಪಿಂಚಣಿ ಕಾಗದಕ್ಕೆ ಬಂದು ಕುಳಿತಿದ್ದ ನಿವೃತ್ತ ಹೆಡ್ ಮಾಸ್ತರರ ಕೆಲಸವೇ ಎಂದು ಗೊತ್ತಾಯಿತು. ಕೇಳದೆ ಇನ್ನೊಬ್ಬರ ವಸ್ತು ತೆಗೆಯುವ ಪೈಕಿ ನಾನಲ್ಲ, ಫೋನ್ ಹಚ್ಚಿದೆ.

“ಹೌದ್ರೀ, ನಾನ ಹಚ್ಚೀನಿ,” ಎಂದರು. “ಮನ್ಯಾಗ ಒಂದ ಕನ್ನಡಕ, ನಿಮ್ಮಲ್ಲಿ ಒಂದ. ಮರತ ಬಂದ್ರೂ ಚಿಂತಿ ಇಲ್ಲ.”

ತೆಗೆದೆ. ಬಟನ್ ಬರಲಿಲ್ಲ. ಅಕ್ಷರಗಳು ಮಾತ್ರ ಸಾಸಿವೆ ಕಾಳಿನಷ್ಟಾದವು. ತಿಂಗಳಿಂದ ನನ್ನ ಕಣ್ಣು ತಾನಾಗಿ ಸುಧಾರಿಸಿದೆ ಎಂದು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಮಾವಶಿಯ ಮರಾಠಿ

ಎರಡನೆಯದು ಕಂಡದ್ದನ್ನೆಲ್ಲ ಮರಾಠಿ ಮಾಡುವುದು. ಇದು ಅರ್ಜಿಗೆ ಬರುವ ಖಾನಾಪುರದ ಮರಾಠಿ ಮಾವಶಿಯದು; ಅವರಿಗೂ ಫೋನ್ ಹಚ್ಚಿದೆ. ಒಂದು ಪುಟ ಓದಲೆಂದು ಹಚ್ಚಿದ್ದರಂತೆ, ತೆಗೆಯಲು ಮರೆತಿದ್ದರಂತೆ, ಹದಿನೈದು ದಿನವಾಯಿತಂತೆ. “ನಿಮಗೇನ ತ್ರಾಸ ಆಗಿಲ್ಲಲ್ಲಾ?” ಎಂದು ಕಾಳಜಿಯಿಂದ ಕೇಳಿದರು.

ಆಗ ಪರದೆ ನೋಡಿದೆ. ಹದಿನೈದು ದಿನದಿಂದ ನಾನು ಪ್ರಶ್ನೆ ಮರಾಠಿಯಲ್ಲಿ ಓದಿ ಉತ್ತರ ಕನ್ನಡದಲ್ಲಿ ತುಂಬುತ್ತಿದ್ದೆ. ಬಾಜೂಕ ಕುಳಿತ ಅಕ್ಕೋರೂ ಒಂದು ತಾಸಿನಿಂದ ಅದನ್ನೇ ಓದಿ ತಲೆಯಾಡಿಸಿದ್ದರು. ಎರಡೂ ಭಾಷೆ ಒಂದೇ ಆಗಿಹೋದ ಬೆಳಗಾವಿಯವರಿಬ್ಬರಿಗೂ ಗೊತ್ತೇ ಆಗಿರಲಿಲ್ಲ.

ಪೂಜೆಯ ದಿನದ ಕಳ್ಳರು

ಮರಾಠಿಯನ್ನೂ ತೆಗೆದೆ, ಬಟನ್ ಬರಲಿಲ್ಲ. ಗಂಟೆ ನಾಲ್ಕೂವರೆ. ಅಕ್ಕೋರು ಚೀಲ ಹೆಗಲಿಗೇರಿಸಿ ಎದುರಿನ ಅಂಗಡಿಯನ್ನೇ ನೋಡುತ್ತಿದ್ದರು. ಮೂರನೆಯದು ಮಿಣುಕುವುದನ್ನೆಲ್ಲ ಮರೆಮಾಡುವುದು. ಜೋಡಿಸಿದ ದಿನಾಂಕ ನೋಡಿ ನನ್ನ ಮೈ ಉರಿಯಿತು. ದಸರೆಯ ಖಂಡೆ ಪೂಜೆಯ ದಿನ! ಅಂದು ದುಡಿಯುವ ಸಾಮಾನು ಮುಟ್ಟಬಾರದು. ನಾನು ಪರದೆಗೆ ವಿಭೂತಿ ಹಚ್ಚಿ, ಕೀಬೋರ್ಡಿನ ಮೇಲೆ ಚೆಂಡುಹೂವಿನ ಮಾಲೆ ಇಟ್ಟು ಕೈ ಮುಗಿದಿದ್ದೆ.

“ಪೂಜಿ ದಿನ ಮುಟ್ಟಿದವರು ಯಾರರ ಇರಲಿ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ, “ಇನ್ನ ಮ್ಯಾಲ ಅವರು ಈ ಅಂಗಡಿ ಹೊಸ್ತಿಲಾ ದಾಟಂಗಿಲ್ಲ.”

ಅದನ್ನು ತೆಗೆದದ್ದೇ ತಡ, ಪುಟದ ಕೊನೆಯಲ್ಲಿ ಹಸಿರು ಬಟನ್ ಮಿಣಮಿಣ ಎಂದಿತು. ಅಕ್ಕೋರು ಒತ್ತಿದರು. ಸ್ವೀಕೃತಿ ಪತ್ರ ಬಂತು. ಅದನ್ನು ಎದೆಗೊತ್ತಿಕೊಂಡು ನನ್ನತ್ತ ತಿರುಗಿ ಕೇಳಿದರು: “ಅವತ್ತ ಅಂಗಡಿ ಕೀಲಿ ಯಾರ ಹತ್ರ ಇತ್ತರೀ ಕಾಕೂ?”

ಕೀಲಿ ನನ್ನ ಟೊಂಕದಲ್ಲಿತ್ತು. ಯಾವತ್ತೂ ಅಲ್ಲೇ ಇರುತ್ತದೆ.

ಆಗ ನೆನಪಾಯಿತು. ಪೂಜೆ ಮುಗಿದ ಮೇಲೆ, ಐದೇ ನಿಮಿಷ ಕಂಪ್ಯೂಟರಿನಲ್ಲಿ ಪೇಪರ್ ಓದೋಣವೆಂದು ಮಾಲೆ ಸರಿಸಿದ್ದೆ. ಸುದ್ದಿಯ ಪಕ್ಕದಲ್ಲೊಂದು ಜಾಹೀರಾತು, ನಿಮ್ಮ ಹೊಟ್ಟೆ ಇಳಿಸಿಕೊಳ್ಳಿ ಎಂದು ನನ್ನನ್ನೇ ನೋಡಿ ಮಿಣುಕುತ್ತಿತ್ತು. ಸಿಟ್ಟಿಗೆದ್ದು, ಅದನ್ನು ಅಡಗಿಸಲು ಏನನ್ನೋ ಹುಡುಕಿ, ಏನನ್ನೋ ಒತ್ತಿದ್ದೆ. ಮಾಲೆ ಮತ್ತೆ ಮೊದಲಿನಂತೆಯೇ ಇಟ್ಟಿದ್ದೆ.

ನನ್ನ ಮುಖ ನೋಡಿ ಅಕ್ಕೋರಿಗೆ ಎಲ್ಲ ತಿಳಿಯಿತು. ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತ ಕೇಳಿದರು:

“ಹಂಗಾರ ಕಾಕೂ, ನಾಳಿಂದ ಹೊರಗ ಕಟ್ಟಿ ಮ್ಯಾಲ ಕುಂತ ಅರ್ಜಿ ತುಂಬತೀರೇನು?”