ಬಲಕ್ಕೆ ಹೊರಳದ ಸ್ಕೂಟರು

ನಮ್ಮ ಮನೆಯಾಕೆಗೆ ಬಲಗಡೆ ಎನ್ನುವ ದಿಕ್ಕೇ ಇಲ್ಲ. ಉಣ್ಣುವುದು ಬಲಗೈಯಲ್ಲೇ, ಹೊಸಿಲು ದಾಟುವಾಗ ಮುಂದಿಡುವುದು ಬಲಗಾಲೇ, ಆ ಮಾತು ಬೇರೆ. ಆದರೆ ಸ್ಕೂಟರ್ ಏರಿದಳೆಂದರೆ ದೇವರು ಎಡಗಡೆಯನ್ನಷ್ಟೇ ಮಾಡಿ ಕೈ ತೊಳೆದುಕೊಂಡಿದ್ದಾನೆ ಎಂದು ತಿಳಿಯಬೇಕು. ಅರವತ್ತೆರಡನೇ ವಯಸ್ಸಿಗೆ ಗಾಡಿ ಕಲಿತ ಹೆಂಗಸರು ದಾವಣಗೆರೆಯಲ್ಲಿ ಇನ್ನೂ ಇರಬಹುದು. ಬರೀ ಎಡಕ್ಕೆ ಹೊರಳುತ್ತಾ ಇಡೀ ಊರು ಸುತ್ತುವವಳು ಇವಳೊಬ್ಬಳೇ. ಅವಳ ಹಿಂದೆ ಕೂತು, ಇದು ಯಾವ ಬೀದಿಯೋ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುವ ಗಂಡಸು ನಾನೊಬ್ಬನೇ.

ಮಗ ಹೊಸ ಬೈಕು ತೆಗೆದುಕೊಂಡಾಗ ಅವನ ಹಳೆಯ ಸ್ಕೂಟರು, ಗೇರಿಲ್ಲದ್ದು, ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಮಾರಿಬಿಡೋಣ ಎಂದೆವು. "ಯಾಕ ಮಾರ್ತೀರಿ? ನಾನು ಕಲೀತೀನಿ," ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಗನ ಜೊತೆ ಖಾಲಿ ಮೈದಾನಕ್ಕೆ ಹೋಗಿ ಬಂದವಳು, ಮುಂದಕ್ಕೆ ಬಿಡುವುದು, ನಿಲ್ಲಿಸುವುದು, ಎಡಕ್ಕೆ ಹೊರಳಿಸುವುದು ಬಂತು, ಬಲದ ಪಾಠ ಮುಂದಿನ ಭಾನುವಾರ ಎಂದು ಹೇಳಿದಳು. ಮುಂದಿನ ಭಾನುವಾರ ಯಾರದೋ ಮದುವೆ. ಅದರ ಮುಂದಿನದಕ್ಕೆ ಇನ್ನೇನೋ. ಬಲದ ಪಾಠ ಆಗಲೇ ಇಲ್ಲ. ಲೈಸೆನ್ಸ್ ಮಾತ್ರ ಬಂತು. ಅದು ಹೇಗೆ ಬಂತೆಂಬುದು ನನಗೆ ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು.

ಹೊಸದರಲ್ಲಿ ಬುದ್ಧಿ ಹೇಳಲು ಹೋದೆ.

"ಎದುರಿಗೆ ಬರೋ ಗಾಡಿ ನೋಡ್ಕೊಂಡು ಬಲಕ್ಕೆ ಹೊರಳಿಸಿದ್ರಾತು. ಅದರಾಗೇನೈತೆ?"

"ನಿಮಗೆ ಬರ್ತೈತಾ?"

ನನಗೆ ಸೈಕಲ್ಲೂ ಬರುವುದಿಲ್ಲ.

"ಮೂರು ಸಲ ಎಡಕ್ಕೆ ಹೊರಳಿದ್ರೆ ಒಂದು ಸಲ ಬಲಕ್ಕೆ ಹೊರಳಿದಂಗೆ. ಬೇಕಾದ್ರೆ ಬರ್ದು ನೋಡ್ರಿ."

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ನೋಡಿದೆ. ಅವಳ ಮಾತು ಸರಿಯಾಗಿಯೇ ಇತ್ತು. ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ.

ನಾನು ಈ ಸವಾರಿಗೆ ಸಿಕ್ಕಿಬಿದ್ದದ್ದು ಮೊಮ್ಮಗಳ ದೆಸೆಯಿಂದ. ಪಿ.ಜೆ. ಬಡಾವಣೆಯಲ್ಲಿ ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವನು ನಾನು. ಮನೆಯಿಂದ ಗಿರಣಿ, ಗಿರಣಿಯಿಂದ ಮನೆ, ನನ್ನ ದಾವಣಗೆರೆ ಅಷ್ಟೇ. ಹಿಟ್ಟಿನ ಧೂಳಿಗೆ ಉಬ್ಬಸ ಹತ್ತಿಕೊಂಡು ಡಾಕ್ಟರು ಗಿರಣಿ ಬಿಡಿಸಿದರು. ಆಮೇಲೆ ಎಂಟು ತಿಂಗಳು ಪಡಸಾಲೆಯ ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದು ಎಲ್ಲಿಗೆ ಹೋಗುವುದು? ಎದುರಿಗೊಂದು ಗೋಡೆ ಇತ್ತು, ನೋಡುತ್ತಿದ್ದೆ. ನನ್ನನ್ನು ನೋಡಿ ನೋಡಿ ಗೋಡೆಗೂ ಬೇಸರವಾಗಿರಬೇಕು. ತಿರುಗಾಡದಿದ್ದರೆ ಕಾಲೂ ಹೋಗುತ್ತದೆ, ಮನಸ್ಸೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಗಲಿ ಬಿಡು ಅಂದುಕೊಂಡಿದ್ದೆ.

ಮೊಮ್ಮಗಳು ಎರಡನೇ ಕ್ಲಾಸು. ಶಾಲೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಬೆಳಿಗ್ಗೆ ಅವಳಪ್ಪ ಬಿಡುತ್ತಾನೆ, ಮೂರೂವರೆಗೆ ಕರೆತರುವವರು ಬೇಕು. "ಕೂಸು ನಡುವೆ ಕೂಡ್ತೈತೆ, ಹಿಂದೆ ಹಿಡ್ಕೊಳ್ಳಾಕೆ ಒಬ್ರು ಬೇಕು. ಏಳ್ರಿ," ಎಂದಳು ಇವಳು. ಕೂಸಿನ ಮಾತು ಬಂದ ಮೇಲೆ ಏಳದೆ ಇರಲಾದೀತೇ? ಎದ್ದೆ.

ಹತ್ತು ನಿಮಿಷದ ದಾರಿಗೆ ನಾವು ಎರಡು ಗಂಟೆಗೇ ಮನೆ ಬಿಡುತ್ತಿದ್ದೆವು. ಎಡ, ಮತ್ತೆ ಎಡ, ಇನ್ನೊಂದು ಎಡ. ಒಂದು ಬೀದಿ ಮುಚ್ಚಿದ್ದರೆ ಅದರಾಚೆಯ ಎಡ. ಕೂಸನ್ನು ಕೂರಿಸಿಕೊಂಡು ತಿರುಗಿ ಬರುವಾಗಲೂ ಹಾಗೆಯೇ. ದಾರಿ ತಪ್ಪಿದ ಬೀದಿಗೆಲ್ಲ ಅವಳದೊಂದು ಕಾನೂನಿತ್ತು. "ಬಂದ ಮ್ಯಾಲೆ ಬಂದೀವಿ, ಇಳೀರಿ," ಅನ್ನುವಳು. ಇಳಿದು ಏನಾದರೂ ನೋಡಲೇಬೇಕು, ಯಾರನ್ನಾದರೂ ಮಾತಾಡಿಸಲೇಬೇಕು.

ಹಾಗೆ ಇಳಿದ ಒಂದು ಬೀದಿಯಲ್ಲಿ ಕಟ್ಟೆಯ ಮೇಲೆ ಸಂಡಿಗೆ ಒಣಗಿಸುತ್ತಿದ್ದ ಹೆಂಗಸು ನಮ್ಮಾಕೆಯ ಗುರುತು ಹಿಡಿದಳು. "ಗಿರಣಿ ಅಣ್ಣಾರ ಮನೆಯೋರಲ್ವಾ? ಅಣ್ಣಾರು ಹೆಂಗದಾರ್ರಿ?"

"ಇಲ್ಲೇ ನಿಂತಾರಲ್ಲವ್ವ."

ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಇವರಾ? ಅಣ್ಣಾರು ಬೆಳ್ಳಗದಾರೆ ಅಂದ್ಕೊಂಡಿದ್ನಲ್ರಿ ನಾನು."

ಇಪ್ಪತ್ತು ವರ್ಷ ನನ್ನನ್ನು ಹಿಟ್ಟಿನಲ್ಲೇ ನೋಡಿದ್ದಳು, ಪಾಪ.

ಇನ್ನೊಂದು ದಿನ ಗರಡಿ ಮನೆ ಎದುರಾಯಿತು. ಇವಳು ಹೊರಗೆ ನಿಂತು ನನ್ನನ್ನು ಒಳಗೆ ಕಳಿಸಿದಳು. ಉಸ್ತಾದರು ಒಂದು ಬಸ್ಕಿ ಹೊಡೆಯಿರಿ ಅಂದರು. ಹೊಡೆದೆ. ಕೆಳಗೆ ಹೋದದ್ದು ನಾನೇ. ಮೇಲಕ್ಕೆ ತಂದವರು ಇಬ್ಬರು ಪೈಲ್ವಾನರು.

ಮೊಮ್ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಂಡಕ್ಕಿ ಭಟ್ಟಿ. ಹುಟ್ಟಿದಾರಭ್ಯ ಮಂಡಕ್ಕಿ ತಿಂದವನು ನಾನು, ಅದು ಆಗುವುದನ್ನು ಕಂಡಿರಲಿಲ್ಲ. ಭಟ್ಟಿಯ ಸಾಹೇಬರು "ಬರ್ರಿ ಚಾಚಾ, ಕೂಡ್ರಿ" ಎಂದು ಮಣೆ ಕೊಟ್ಟರು. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಣಲೆ ತುಂಬ ಬಿಳಿ ಹೂವು.

"ಅಕ್ಕಿಗೆ ನೋವಾಗಲ್ವಾ?" ಎಂದಳು ಮೊಮ್ಮಗಳು.

"ನೋವಾಗಿದ್ರೆ ಅಳ್ತಿತ್ತು ಬೇಟಾ. ಕುಣೀತೈತೆ ನೋಡು," ಎಂದರು ಸಾಹೇಬರು.

ಹರಿಹರದ ಕಥೆಯಂತೂ ಹೇಳಬಾರದು, ಹೇಳುತ್ತೇನೆ. ಮಗಳನ್ನು ಕೊಟ್ಟಿರುವುದು ಅಲ್ಲಿಗೇ. ಒಂದು ಭಾನುವಾರ ಬೀಗರು ಹೋಳಿಗೆ ಊಟಕ್ಕೆ ಕರೆದಿದ್ದರು. ಮೊಮ್ಮಗಳನ್ನೂ ಕೂರಿಸಿಕೊಂಡು ಹೊರಟೆವು. ಹರಿಹರ ಮುಟ್ಟುವವರೆಗೆ ನೇರ ದಾರಿ, ತೊಂದರೆಯಿಲ್ಲ. ಬೀಗರ ಓಣಿ ಮಾತ್ರ ಬಲಕ್ಕಿತ್ತು. ಇವಳು ಅದನ್ನು ದಾಟಿ ಮುಂದೆ ಹೋಗಿ ಮೊದಲ ಎಡ ಹೊರಳಿದಳು. ಎರಡನೇ ಎಡ ಇರಬೇಕಾದಲ್ಲಿ ಹೊಳೆ ಇತ್ತು. ಅವಳ ಗಣಿತ ಹೊಳೆಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲೆಲ್ಲಿ ತಿರುಗಿದೆವೋ, ಇವತ್ತಿಗೂ ನನಗೆ ತಿಳಿಯದು. ಒಂದು ಊರಿನಲ್ಲಿ ನಿಲ್ಲಿಸಿ ಕೇಳಿದರೆ ಕಡರನಾಯಕನಹಳ್ಳಿ ಅಂದರು.

"ಎಲ್ಲಿಗೆ ಹೋಗ್ಬೇಕಿತ್ರಿ?"

"ಹರಿಹರಕ್ಕೆ."

"ಬಂದಿದ್ದೆಲ್ಲಿಂದ?"

"ಹರಿಹರದಿಂದ."

ಕೇಳಿದವನು ಗಾಡಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ತನ್ನ ದಾರಿ ಹಿಡಿದ. ಪಕ್ಕದ ಗದ್ದೆಯಲ್ಲಿ ಭತ್ತದ ನಾಟಿ ನಡೆದಿತ್ತು. ಬಂದ ಮೇಲೆ ಬಂದಾಯಿತಲ್ಲ, ಇವಳು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಹಿಂದೆಯೇ ಮೊಮ್ಮಗಳು. ನಾನು ಬದುವಿನ ಮೇಲೆ ಎಲ್ಲರ ಚಪ್ಪಲಿ ಹಿಡಿದು ನಿಂತೆ. ಮೂರು ಗಂಟೆಗೆ ಮೊಣಕಾಲುದ್ದ ಕೆಸರಿನೊಂದಿಗೆ ಹೋದಾಗ ಬೀಗರು ಬಾಗಿಲಲ್ಲೇ ಕೇಳಿದರು: "ದಾವಣಗೆರೆಯಿಂದ ಬಂದ್ರೋ, ಧಾರವಾಡದಿಂದ ಬಂದ್ರೋ?"

ಹೀಗೆ ಆರು ತಿಂಗಳಾಗಿರಬೇಕು. ಒಂದು ದಿನ ಮೊಮ್ಮಗಳು ಶಾಲೆಯಿಂದ ಚೀಟಿ ತಂದಳು. ಪ್ರತಿ ಮಗುವಿನ ಅಜ್ಜನೋ ಅಜ್ಜಿಯೋ ಬಂದು ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಬೇಕಂತೆ. ನಮ್ಮ ಕೂಸಿನ ಸರದಿ ಶುಕ್ರವಾರ ಹತ್ತು ಗಂಟೆಗೆ.

"ಅಜ್ಜಿ ಹೋಗ್ತಾಳ ಬಿಡು," ಎಂದೆ.

"ಇಲ್ಲ. ನಮ್ಮಜ್ಜ ಬರ್ತಾರೆ ಅಂತ ಎಲ್ಲರಿಗೂ ಹೇಳೀನಿ. ಹತ್ತಕ್ಕೆ ನೀನು ಬರ್ಲಿಲ್ಲಂದ್ರೆ ನನ್ನ ಪಾಳಿ ಬೇರೇರಿಗೆ ಕೊಡ್ತಾರೆ."

ಮೂರನೇ ಕ್ಲಾಸು ಬಿಟ್ಟ ಮೇಲೆ ಕರೀ ಹಲಗೆಯ ಮುಂದೆ ನಿಂತವನಲ್ಲ ನಾನು. ನಿಂತ ಕಡೆಯ ದಿನವೂ ಉತ್ತರ ಬರದೆ ನಿಂತದ್ದು. ಕೂಸಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ, ಹೋಗಲು ಕಾಲು ಬರಲಿಲ್ಲ. ಆಗ ನನಗೆ ಹೆಂಡತಿಯ ಎಡಗಡೆ ನೆನಪಾಯಿತು. ಅವಳು ಹೇಗೂ ತಡ ಮಾಡುತ್ತಾಳೆ, ತಪ್ಪು ನನ್ನ ಮೇಲೆ ಬರುವುದಿಲ್ಲ. ಇಂಥ ಗಂಡನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಶುಕ್ರವಾರ ಬೇಕೆಂದೇ ಎರಡು ಸಲ ಅಂಗಿ ಬದಲಿಸಿದೆ, ಕಾಲಲ್ಲಿದ್ದ ಚಪ್ಪಲಿಯನ್ನು ಮನೆಯೆಲ್ಲ ಹುಡುಕಿದೆ. ಹೊರಟಾಗ ಹತ್ತಕ್ಕೆ ಇನ್ನು ಹದಿನೈದೇ ನಿಮಿಷ.

ಮೊದಲ ತಿರುವು ಬಂತು. ಟಿಕ್ ಟಿಕ್ ಎಂದು ದೀಪ ಹೊಡೆದುಕೊಂಡಿತು. ಇವಳು ಹಿಂದೆ ನೋಡಿದಳು, ಎದುರಿನ ಆಟೋ ಹೋಗಲು ಬಿಟ್ಟಳು, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಲಕ್ಕೆ ಹೊರಳಿಸಿದಳು. ಮುಂದಿನ ತಿರುವಿನಲ್ಲೂ ಹಾಗೆಯೇ. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಲೆಯ ಗೇಟು.

"ನಿಂಗೆ ಬಲಕ್ಕೆ..."

"ಇಳೀರಿ, ಕೂಸು ಕಾಯಾಕತ್ತೈತೆ."

ಕ್ಲಾಸಿನಲ್ಲಿ ನಿಂತೆ. ಗಿರಣಿಯ ಬಗ್ಗೆ ಹೇಳೋಣವೆಂದರೆ ಗಿರಣಿಯೇ ಮರೆತುಹೋಗಿತ್ತು. ಎರಡನೇ ಬೆಂಚಿನಿಂದ ಮೊಮ್ಮಗಳು ಮೆಲ್ಲಗೆ ಅಂದಳು, "ಭಟ್ಟಿ ಹೇಳು ಅಜ್ಜ, ಭಟ್ಟಿ." ಭಟ್ಟಿ ಹೇಳಿದೆ. ಆಮೇಲೆ ಬಸ್ಕಿ, ಆಮೇಲೆ ಹೊಳೆ, ಆಮೇಲೆ ಕೆಸರು. ಐದು ನಿಮಿಷ ಇಪ್ಪತ್ತಾಯಿತು. ಮೇಡಂ ಗಡಿಯಾರ ನೋಡುವುದನ್ನೂ ಬಿಟ್ಟರು. ಅರವತ್ತಾರು ವರ್ಷ ಈ ಊರಲ್ಲಿದ್ದವನು ನಾನು, ಊರು ನೋಡಿದ್ದು ಆರೇ ತಿಂಗಳು, ಆದರೂ ಹೇಳಿದಷ್ಟೂ ಮುಗಿಯದು. ಮೊಮ್ಮಗಳು ಪಕ್ಕದವಳ ರಟ್ಟೆ ಹಿಡಿದು "ನಮ್ಮಜ್ಜ, ನಮ್ಮಜ್ಜ" ಅನ್ನುತ್ತಿದ್ದಳು, ಆ ಹುಡುಗಿಗೆ ಅದು ಗೊತ್ತೇ ಇಲ್ಲವೇನೋ ಎನ್ನುವ ಹಾಗೆ. ನನಗೆ ಆ ಒಂದು ಮಾತು ಸಾಕು, ಇನ್ನು ಯಾವ ಸನ್ಮಾನವೂ ಬೇಡ.

ತಿರುಗಿ ಬರುವಾಗ ನಾವಿಬ್ಬರೇ. ಕೇಳಿದೆ.

"ಬಲಕ್ಕೆ ಹೊರಳಿಸಾಕೆ ಯಾವಾಗಿಂದ ಬರ್ತೈತೆ ನಿಂಗೆ?"

"ಮೊದಲ್ನೇ ಭಾನುವಾರದಿಂದ. ನಿಮ್ಮ ಮಗ ಎರಡೂ ಕಲಿಸಿದ್ದ."

"ಹಂಗಾರೆ ಬೀಗರನ್ನ ಮೂರು ಗಂಟೆತನಕ ಉಪಾಸ ಕೂರ್ಸಿದ್ದು?"

"ಅವತ್ತು ನಿಜವಾಗ್ಲೂ ದಾರಿ ತಪ್ತು. ಹೊಳೆ ಐತಂತ ನಂಗೇನು ಗೊತ್ತು?"

"ಮತ್ತೆ ಇಷ್ಟು ದಿನ ಯಾಕ?"

ದಾರಿಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದಳು.

"ನಿಮ್ಮನ್ನ ಹೊರಗೆ ಕರ್ಕೊಂಡು ಹೋಗಾಕಂತಲೇ ಗಾಡಿ ಕಲ್ತಿದ್ದು ನಾನು. ಎಂಟು ತಿಂಗಳಾದ ಮ್ಯಾಲೆ ಹೊರಗೆ ಬಂದಿದ್ರಿ ನೀವು. ಹತ್ತೇ ನಿಮಿಷಕ್ಕೆ ತಿರುಗಿ ಕರ್ಕೊಂಡೋಗಿ ಆ ಕುರ್ಚ್ಯಾಗೆ ಕೂರ್ಸಾಕೆ ನಂಗೆ ಧೈರ್ಯ ಬರ್ಲಿಲ್ಲ."

ಅಲ್ಲಿಯವರೆಗೂ ನಾನು ಹಿಂದಿನ ಕಂಬಿ ಹಿಡಿದೇ ಕೂರುತ್ತಿದ್ದೆ. ಬೀದಿಯಲ್ಲಿ ಹೆಂಡತಿಯನ್ನು ಮುಟ್ಟುವುದು ನಮ್ಮ ಕಾಲದವರಿಗೆ ಬರದು. ಕಂಬಿ ಬಿಟ್ಟು ಅವಳ ಭುಜದ ಮೇಲೆ ಕೈ ಇಟ್ಟೆ.

"ಏನ್ರಿ ಇದು, ಮಂದಿ ನೋಡ್ತಾರೆ."

"ಈ ಬೀದ್ಯಾಗೆ ನಮ್ಮನ್ನ ಬಲ್ಲೋರು ಯಾರದಾರೆ?"

ಅವಳು ಗಾಡಿಯನ್ನು ಇನ್ನೂ ಒಂಚೂರು ನಿಧಾನ ಮಾಡಿದಳು.