ಅಣಬೆಗೆ ಕಾವಲು

ನನಗೆ ಯಾರನ್ನೂ ಸುಲಭಕ್ಕೆ ನಂಬಲಾಗುವುದಿಲ್ಲ. ಮಳೆಗಾಲದಲ್ಲಿ ಗುಡುಗಿತೆಂದರೆ ಕಟ್ಟಿಕೊಂಡ ಗಂಡನನ್ನೂ ನಂಬುವುದಿಲ್ಲ. ನಮ್ಮ ಪೊನ್ನಂಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ. ಇಲ್ಲಿನ ಜನ ಊರಿಗೆ ಹೋಗುವಾಗ ಮನೆಯ ಬೀಗದ ಕೈ ಎಲ್ಲಿಟ್ಟಿದ್ದೇವೆಂದು ನೆರೆಯವರಿಗೆ ಹೇಳಿ ಹೋಗುತ್ತಾರೆ. ತಮ್ಮ ತೋಟದಲ್ಲಿ ಅಣಬೆ ಏಳುವ ಜಾಗದ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಹುತ್ತದ ಅಣಬೆ ವರ್ಷಕ್ಕೊಮ್ಮೆ ಗುಡುಗು ಮಳೆಯ ಬೆನ್ನಿಗೆ ಅದೇ ಜಾಗದಲ್ಲಿ ಏಳುತ್ತದೆ. ಮೊದಲು ಕಂಡವರು ಕಿತ್ತುಕೊಂಡು ಹೋದರೆ ಉಳಿದವರಿಗೆ ಮುಂದಿನ ವರ್ಷವೇ ಗತಿ. ನಮ್ಮ ಜಾಗವನ್ನು ಅತ್ತೆ ನನಗೆ ತೋರಿಸಿದ್ದು ಮಗನಿಗೆ ಗೊತ್ತಾಗದ ಹಾಗೆ. "ಅವನಿಗೆ ಹೇಳ್ಬೇಡ ಮಾರಾಯ್ತಿ. ಗೋಣಿಕೊಪ್ಪಲಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಇಡೀ ಬಸ್ ಸ್ಟ್ಯಾಂಡಿಗೆ ಹೇಳಿ ಬರ್ತಾನೆ" ಎಂದಿದ್ದರು. ತಮ್ಮ ಒಡವೆಯನ್ನೆಲ್ಲ ಅವರು ಮಗಳಿಗೆ ಕೊಟ್ಟರು, ಈ ಜಾಗವನ್ನು ನನಗೆ ಕೊಟ್ಟರು. ಅದಕ್ಕಾಗಿ ನಾನು ಒಂದು ದಿನವೂ ಕೊರಗಿದವಳಲ್ಲ.

ಜಾಗವೆಂದರೆ ತೋಟದ ಕೊನೆಯಲ್ಲಿ, ಪಕ್ಕದ ಪೊನ್ನಮ್ಮಕ್ಕನ ತೋಟದ ಬೇಲಿಗೆ ತಾಗಿಕೊಂಡಿರುವ ಒಂದು ಹಳೇ ಹುತ್ತ. ಅತ್ತೆ ವರ್ಷಕ್ಕೆ ಒಂದೇ ಸಲ ಅಲ್ಲಿಗೆ ಹೋಗುತ್ತಿದ್ದರು. ಗುಡುಗಿದ ಮಾರನೆಯ ಬೆಳಿಗ್ಗೆ ಹೋಗಿ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಬಂದುಬಿಡುವುದು, ಅಷ್ಟೆ. ಅವರು ತೀರಿಕೊಂಡ ಮೇಲೆ ನಾನೂ ಹಾಗೆಯೇ ನಡೆಸಿಕೊಂಡು ಬಂದೆ, ಈ ಸಲದ ಮಳೆಗಾಲದವರೆಗೆ.

ಈ ಸಲ ಪೊನ್ನಮ್ಮಕ್ಕನ ಮನೆಯ ಮಹಡಿ ಕೋಣೆಗೆ ದೀಪ್ತಿ ಎಂಬ ಹುಡುಗಿ ಬಾಡಿಗೆಗೆ ಬಂದಳು. ಹಾಸನದ ಕಡೆಯವಳು, ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳಂತೆ. ಯಾವುದರ ಮೇಲೆ ಎಂದು ಕೇಳಿದೆ. "ಶಿಲೀಂಧ್ರ ಆಂಟಿ. ಅಣಬೆ, ಬೂಷ್ಟು, ಅಂಥದ್ದು" ಎಂದಳು. ಬೂಷ್ಟಿನ ಮೇಲೆ ಓದುವುದಕ್ಕೆ ಏನಿದೆ ಹೇಳಿ? ಜೂನ್ ಬಂತೆಂದರೆ ನಮ್ಮ ಯಜಮಾನರ ಬೆಲ್ಟು ಹಸಿರಾಗುತ್ತದೆ, ಬೀರುವಿನೊಳಗಿನ ಕೈಚೀಲಕ್ಕೆ ಬಿಳಿ ಮೀಸೆ ಬರುತ್ತದೆ. ಅದನ್ನು ಒರೆಸುವುದಕ್ಕೆ ಹಳೇ ಬನೀನು ಸಾಕು, ಡಾಕ್ಟರೇಟು ಬೇಕಿಲ್ಲ. ಹಾಗಾದರೆ ಇವಳು ಬಂದಿರುವುದು ಅಣಬೆಗೇ ಎಂದು ಲೆಕ್ಕ ಹಾಕಿದೆ. ಅದೂ ಬೇರೆಲ್ಲ ಮನೆ ಬಿಟ್ಟು, ನನ್ನ ಹುತ್ತದ ಬೇಲಿಯಾಚೆಯ ಮನೆಗೇ ಬಂದಿದ್ದಾಳೆ. ಪೊನ್ನಮ್ಮಕ್ಕನೇ ಕರೆಸಿಕೊಂಡಿರಬೇಕು.

ಒಂದು ಸಂಜೆ ಕಾಫಿ ಕೊಟ್ಟು ಮೆಲ್ಲಗೆ ಬಾಯಿ ಬಿಡಿಸಲು ನೋಡಿದೆ. ಅವಳು ಬಿಚ್ಚು ಮನಸ್ಸಿನಿಂದ ಹೇಳುತ್ತಲೇ ಹೋದಳು, ಅದೇ ನನಗೆ ಸರಿ ಕಾಣಲಿಲ್ಲ. ಅಣಬೆ ಗಿಡವೂ ಅಲ್ಲವಂತೆ, ಪ್ರಾಣಿಯೂ ಅಲ್ಲವಂತೆ. ಎರಡೂ ಕಡೆಗೆ ಸೇರದವರನ್ನು ನಾನು ಮೊದಲೇ ನಂಬುವುದಿಲ್ಲ. ನಾವು ಸಾರು ಮಾಡುವುದು ಬರೀ ಅದರ ಹೂವು ಇದ್ದ ಹಾಗಂತೆ, ನಿಜವಾದ ಮೈ ನೂಲಿನಂತೆ ಮಣ್ಣಿನೊಳಗೆ ಹರಡಿರುತ್ತದಂತೆ. ಹುತ್ತದೊಳಗೆ ಗೆದ್ದಲುಗಳೇ ಎಲೆ ಕಡ್ಡಿ ಅಗಿದು ಹಾಕಿ ಅದನ್ನು ಬೆಳೆಸುತ್ತವಂತೆ. ಬ್ರೆಡ್ಡು ಉಬ್ಬುವುದು, ಎಷ್ಟೋ ಔಷಧಿ ಸಿಕ್ಕಿರುವುದು ಈ ಜಾತಿಯವುಗಳಿಂದಲೇ ಅಂತೆ. "ಇವು ಇಲ್ಲದಿದ್ರೆ ನಿಮ್ಮ ತೋಟದಲ್ಲಿ ಬಿದ್ದ ಎಲೆ ಕೊಳೆಯೋದೇ ಇಲ್ಲ ಆಂಟಿ, ಎಲೆಯೊಳಗೇ ಮುಳುಗಿಹೋಗ್ತೀವಿ" ಎಂದಳು. ಕೊನೆಗೆ, "ಆದ್ರೆ ನಾನು ಅಣಬೆ ತಿನ್ನೋಲ್ಲ, ಆ ವಾಸನೆ ನನಗಾಗಲ್ಲ. ಅಂದಹಾಗೆ, ನಿಮ್ಮ ತೋಟದಲ್ಲಿ ಎಲ್ಲಾದ್ರೂ ಏಳುತ್ತಾ?" ಎಂದು ಕೇಳಿದಳು. ಒಡವೆ ಅಂಗಡಿಯಲ್ಲಿ ನಿಂತು ನನಗೆ ಚಿನ್ನವೆಂದರೆ ಆಗದು ಎನ್ನುವವಳನ್ನು ನೀವು ನಂಬುತ್ತೀರಾ? "ನಮ್ಮಲ್ಲಿ ಎಂತದ್ದೂ ಇಲ್ಲಮ್ಮ, ಕೆಳಗೆ ಗದ್ದೆ ಬದಿಯಲ್ಲಿ ಹುಡುಕು" ಎಂದು ಎದುರು ದಿಕ್ಕಿಗೆ ಕೈ ತೋರಿಸಿದೆ. ಪಾಪ, ಮಳೆಯಲ್ಲಿ ನೆನೆದು ಗದ್ದೆಯೆಲ್ಲ ಸುತ್ತಿ ಬರಿಗೈಯಲ್ಲಿ ಬಂದು, "ಥ್ಯಾಂಕ್ಸ್ ಆಂಟಿ" ಎಂದಳು.

ಅಂದಿನಿಂದ ಕಾವಲು ಶುರುವಾಯಿತು. ಬೆಳಿಗ್ಗೆ ಕತ್ತಿ ಹಿಡಿದು ಸೌದೆಗೆ ಹೊರಟವಳಂತೆ ಹೋಗುವುದು, ಮಧ್ಯಾಹ್ನ ಮೆಣಸಿನ ಬಳ್ಳಿ ನೋಡುವ ನೆಪ, ಸಂಜೆ ಇಲ್ಲದ ಕೋಳಿಯನ್ನು ಕರೆಯುತ್ತಾ ಒಂದು ಸುತ್ತು. ಹುತ್ತದ ಸುತ್ತ ಸುಳಿದಾಡುತ್ತಾ, ಬೇಲಿಯಾಚೆ ಯಾರಾದರೂ ಬಗ್ಗಿ ನೋಡುತ್ತಿದ್ದಾರೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಕಾಲಿಗೆ ಜಿಗಣೆ ಅಂಟಿಸಿಕೊಂಡು ವಾಪಸಾದ ನನ್ನನ್ನು ನಮ್ಮ ಯಜಮಾನರು ದಿಟ್ಟಿಸಿ, "ಅಲ್ವೇ, ಈ ಸುರಿಯೋ ಮಳೆಯಲ್ಲಿ ದಿನಾ ತೋಟದಲ್ಲಿ ಯಾರನ್ನು ನೋಡ್ಲಿಕ್ಕೆ ಹೋಗೋದು ನೀನು?" ಎಂದರು. ಮದುವೆಯಾದ ಮೇಲೆ ಅವರು ನನ್ನ ಮೇಲೆ ಅನುಮಾನಪಟ್ಟದ್ದು ಅದೇ ಮೊದಲು. ಸ್ವಲ್ಪ ಖುಷಿಯೂ ಆಯಿತು ಎನ್ನಿ.

ಒಂದು ಸಂಜೆ ಗುಡುಗು ಬಂದೇ ಬಂತು. ಮಾರನೆಯ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಓಡಿದೆ. ನೋಡಿದರೆ ಹುತ್ತದ ಈಚೆ, ನಮ್ಮ ಕಡೆ, ಒಂದೇ ಒಂದು ಅಣಬೆ ಇಲ್ಲ. ಬೇಲಿಯಾಚೆ ಪೊನ್ನಮ್ಮಕ್ಕನ ನೆಲದಲ್ಲಿ ಅನ್ನ ಚೆಲ್ಲಿದ ಹಾಗೆ ಬೆಳ್ಳಗೆ ಎದ್ದು ನಿಂತಿವೆ! ನಡುವೆ ದೀಪ್ತಿ ಕ್ಯಾಮೆರಾ ಹಿಡಿದು ಕೂತಿದ್ದಾಳೆ. ಪಕ್ಕದಲ್ಲಿ ಪೊನ್ನಮ್ಮಕ್ಕ ಬುಟ್ಟಿ ತಂದು, "ನೋಡು ಮಾರಾಯ್ತಿ, ಇಷ್ಟು ವರ್ಷ ಇಲ್ಲದ ಕುಮ್ಮು ಈ ಸಲ ನಮ್ಮ ಕಡೆ ಎದ್ದಿದೆ" ಎಂದು ಕಣ್ಣರಳಿಸಿದರು. ಅವರು ಅಣಬೆಗೆ ಕುಮ್ಮು ಎನ್ನುವುದು. ಇಲ್ಲಿಗೆ ಹೇಗೆ ಬಂದೆ ಎಂದು ದೀಪ್ತಿಯನ್ನು ಕೇಳಿದೆ. "ನನ್ನ ಕಿಟಕಿಯಿಂದ ಕಾಣುತ್ತೆ ಆಂಟಿ. ನಿಮ್ಮ ಹಿಂಬಾಗಿಲಿಂದ ಈ ಹುತ್ತದವರೆಗೆ ಒಂದು ಕಾಲುದಾರಿ ಬಿದ್ದಿದೆ. ಮುಂದೆ ಎಲ್ಲಿಗೂ ಹೋಗಲ್ಲ, ಇಲ್ಲೇ ನಿಂತುಬಿಡುತ್ತೆ. ಏನೋ ಇರಬೇಕು ಅಂತ ಬಂದೆ" ಎಂದಳು. ಆಮೇಲೆ ಬೇಲಿ ದಾಟಿ ಬಂದು ನಮ್ಮ ಕಡೆಯ ನೆಲವನ್ನು ಬೆರಳಿನಿಂದ ಒತ್ತಿ ನೋಡಿ, "ಇಲ್ಲಿ ಯಾರೋ ದಿನಾ ತುಳಿದು ಮಣ್ಣು ಗಟ್ಟಿಯಾಗಿಬಿಟ್ಟಿದೆ. ಅದಕ್ಕೇ ಸಡಿಲ ಇರೋ ಆ ಕಡೆ ಎದ್ದಿರಬೇಕು" ಎಂದಳು. ಆ ಯಾರೋ ಎನ್ನುವವರ ಹವಾಯಿ ಚಪ್ಪಲಿ ನನ್ನ ಕಾಲಲ್ಲೇ ಇತ್ತು. ಅತ್ತೆಯ ನೆನಪಾಗಿ ಅಳು ಬಂತು.

ಮಧ್ಯಾಹ್ನ ಪೊನ್ನಮ್ಮಕ್ಕ ದೊಡ್ಡ ಪಾತ್ರೆ ತುಂಬ ಅಣಬೆ ಸಾರು ಕಳಿಸಿದರು. ಅಕ್ಕಿ ರೊಟ್ಟಿ ಮಾಡಿ ತಿಂದೆವು. ಅತ್ತೆ ಮಾಡಿದಷ್ಟೇ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಯಜಮಾನರು ಬೆರಳು ನೆಕ್ಕುತ್ತಾ, "ಎಷ್ಟು ಒಳ್ಳೆ ಮನಸ್ಸು ಅವರದ್ದು" ಎಂದರು. ಅಲ್ಲಿಂದ ನನಗೆ ಸಮಾಧಾನವಿಲ್ಲ. ಅಣಬೆಯನ್ನು ಇಷ್ಟು ಧಾರಾಳವಾಗಿ ಯಾರು ಹಂಚುತ್ತಾರೆ? ಇನ್ನೊಂದು ಜಾಗ ಇಟ್ಟುಕೊಂಡವರು ಮಾತ್ರ. ಬರೀ ಪಾತ್ರೆ ಕೊಡಬಾರದೆಂದು ಒಂದಷ್ಟು ನಿಂಬೆಹಣ್ಣು ಹಾಕಿಕೊಂಡು ಹೋಗಿ, ಮಾತಾಡುತ್ತಲೇ ಅವರ ಹಿತ್ತಲಿನ ಕಡೆ ಕಣ್ಣು ಹಾಯಿಸಿದೆ. ತೋಟದ ತುದಿಯವರೆಗೂ ಹುಲ್ಲು ಹುಲುಸಾಗಿ ಬೆಳೆದಿತ್ತು. ಒಂದು ಕಾಲುದಾರಿಯಾಗಲಿ, ಒಂದು ಹೆಜ್ಜೆ ಗುರುತಾಗಲಿ ಎಲ್ಲೂ ಇರಲಿಲ್ಲ.

ನೋಡಿದಿರಾ, ಎಷ್ಟು ಹುಷಾರಿನ ಹೆಂಗಸು!